ಉಪ್ಪುನೀರಿನ ಹಳೆಯ ತೊಟ್ಟಿಯನ್ನು ಸಿಹಿನೀರಿಗೆ ಬದಲಿಸುವವರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಸಮುದ್ರದ ಮೀನು ಸಾಕಿದ್ದ ಗಾಜಿನ ತೊಟ್ಟಿಯನ್ನು ಸಿಹಿನೀರಿಗೆ ಬಳಸಬಹುದೇ ಎಂದು ಗುಂಪಿನಲ್ಲಿ ಹಲವರು ಕೇಳಿರುವುದರಿಂದ ಈ ಸೂಚನೆ. ಧಾರಾಳವಾಗಿ ಬಳಸಬಹುದು. ಗಾಜಿಗೆ ಅಂಟಿದ ಉಪ್ಪು ತೊಳೆದರೆ ಹೋಗುತ್ತದೆ. ನೇರಳೆ ಬಣ್ಣದ ಗಟ್ಟಿ ಪಾಚಿಯಿದ್ದರೆ, ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಒತ್ತಿಟ್ಟು, ಗುಳ್ಳೆಯೆದ್ದು ಮೆತ್ತಗಾದ ಬಳಿಕ ಬ್ಲೇಡಿನಿಂದ ಕೆರೆಯಿರಿ. ಮೂಲೆಯ ಸಿಲಿಕೋನ್ ಅಂಟಿಗೆ ಮಾತ್ರ ಬ್ಲೇಡ್ ತಾಗದಿರಲಿ. ಸೋಪು ಬೇಡವೇ ಬೇಡ.

ನಿಜವಾದ ತೊಡಕಿರುವುದು ಹವಳದ ಮರಳು ಮತ್ತು ಕಲ್ಲುಗಳಲ್ಲಿ. ಅವು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದು, ನಿಧಾನವಾಗಿ ಕರಗುತ್ತಾ ನೀರಿನ ಗಡಸುತನವನ್ನೂ ಪಿಎಚ್ ಮಟ್ಟವನ್ನೂ ಏರಿಸುತ್ತವೆ. ನಮ್ಮ ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿನೀರು ಸಾಮಾನ್ಯವಾಗಿ ಮೆದುವಾಗಿ, ತುಸು ಆಮ್ಲೀಯವಾಗಿರುತ್ತದೆ. ನಿಯಾನ್ ಟೆಟ್ರಾದಂತಹ ಮೀನುಗಳಿಗೆ ಹೇಳಿಮಾಡಿಸಿದ ಈ ನೀರನ್ನು ಆ ಮರಳು ಹಾಕಿ ಕೆಡಿಸುವುದು ಸರಿಯಲ್ಲ. ಗಡಸು ನೀರು ಬಯಸುವ ಮಲಾವಿ ಸರೋವರದ ಸಿಕ್ಲಿಡ್ ಮೀನು ಇಡುವವರು ಮಾತ್ರ ಅದನ್ನು ಚೆನ್ನಾಗಿ ತೊಳೆದು ಉಳಿಸಿಕೊಳ್ಳಬಹುದು.

ಹಿಂದೆ ತಾಮ್ರದ ಔಷಧಿ ಹಾಕಿದ್ದರೇ ಎಂದು ತೊಟ್ಟಿ ಮಾರುವವರಲ್ಲಿ ತಪ್ಪದೆ ವಿಚಾರಿಸಿ; ಉಳಿದ ಅಂಶ ಸೀಗಡಿ, ಬಸವನಹುಳುಗಳಿಗೆ ಮಾರಕ. ನೊರೆಯ ಮೂಲಕ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಎಂಬ ಉಪಕರಣ ಸಿಹಿನೀರಿನಲ್ಲಿ ಸರಿಯಾಗಿ ನೊರೆ ಕಟ್ಟದ ಕಾರಣ ಅದಕ್ಕೆ ಹಣ ಕೊಡಬೇಡಿ.

ತುಂಬೆ ಅಣೆಕಟ್ಟೆಯಿಂದ ಬರುವ ಮಂಗಳೂರಿನ ನಲ್ಲಿನೀರಾದರೆ ಕ್ಲೋರಿನ್ ತೆಗೆದೇ ತುಂಬಿಸಿ. ಹಳೆಯ ಫಿಲ್ಟರ್‌ನ ಬ್ಯಾಕ್ಟೀರಿಯಾಗಳು ಸಿಹಿನೀರಿನಲ್ಲಿ ಕೆಲಸಕ್ಕೆ ಬಾರದಿರುವುದರಿಂದ, ಹೊಸ ಬ್ಯಾಕ್ಟೀರಿಯಾಗಳು ಬೆಳೆದು ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗಿಳಿಯುವವರೆಗೆ, ಅಂದರೆ ಸಾಮಾನ್ಯವಾಗಿ 4ರಿಂದ 6 ವಾರ, ಮೀನು ಬಿಡಬೇಡಿ. ಖಾಲಿ ಮಾಡಿದ ಉಪ್ಪುನೀರನ್ನು ಬಾವಿಯ ಬಳಿಯಾಗಲಿ ಮಲ್ಲಿಗೆಯ ಬುಡಕ್ಕಾಗಲಿ ಸುರಿಯಬಾರದು.