ಹೆಸರು ಬರೆಸುವ ಮುನ್ನ

ಮಾನ್ಯ ಸಂಪಾದಕರಿಗೆ,

ಪ್ರೌಢಶಾಲೆಯಲ್ಲಿರುವ ಮಗ ಅಥವಾ ಮಗಳು ವಿಜ್ಞಾನದ ಒಲಿಂಪಿಯಾಡ್‌ಗೆ ಸಿದ್ಧವಾಗಬೇಕೋ, ಪ್ರೋಗ್ರಾಮಿಂಗ್ ಸ್ಪರ್ಧೆಗೋ ಎಂದು ಕೇಳುವ ಪೋಷಕರಲ್ಲಿ ಹೆಚ್ಚಿನವರು ಮುಂದೆ ಯಾವುದರಿಂದ ಒಳ್ಳೆಯ ಉದ್ಯೋಗ ಸಿಕ್ಕೀತು ಎಂಬ ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. ಬಹಳ ವರ್ಷ ಭೌತವಿಜ್ಞಾನ ಕಲಿಸಿದ ನನಗೆ, ಮಗು ತನ್ನ ತಪ್ಪಿನೊಡನೆ ಎಷ್ಟು ಹೊತ್ತು ಕೂರಬಲ್ಲದು ಎಂಬುದೇ ಆಯ್ಕೆಗೆ ಸರಿಯಾದ ಆಧಾರವೆನಿಸಿದೆ.

1989ರಲ್ಲಿ ಬಲ್ಗೇರಿಯಾದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ (ಕಂಪ್ಯೂಟರ್ ಪ್ರೋಗ್ರಾಮಿಂಗ್) ಒಲಿಂಪಿಯಾಡ್‌ನಲ್ಲಿ ಎರಡು ದಿನ, ದಿನಕ್ಕೆ ಐದು ಗಂಟೆಗಳ ಪರೀಕ್ಷೆಯಿರುತ್ತದೆ. ಕೋಡ್ ಎಷ್ಟು ಸರಿ, ಎಷ್ಟು ವೇಗ ಎಂಬುದನ್ನು ಅಳೆಯುವುದು ಕಂಪ್ಯೂಟರೇ. ಹತ್ತು ಲಕ್ಷ ಸಂಖ್ಯೆಗಳಲ್ಲಿ ಯಾವುದಾದರೂ ಎರಡು ಬಾರಿ ಬಂದಿದೆಯೇ ಎಂದು ತಿಳಿಯಲು ಪ್ರತಿ ಜೋಡಿಯನ್ನೂ ಹೋಲಿಸಹೊರಟರೆ ಸುಮಾರು 50 ಸಾವಿರ ಕೋಟಿ ಹೋಲಿಕೆಗಳು ಬೇಕು; ಮೊದಲೇ ಏರಿಕೆಯ ಕ್ರಮದಲ್ಲಿ ಜೋಡಿಸಿಕೊಂಡು ಅಕ್ಕಪಕ್ಕದವನ್ನಷ್ಟೇ ನೋಡಿದರೆ ಎರಡು ಕೋಟಿ ಹೆಜ್ಜೆಗಳ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಇದನ್ನು ಕಂಡುಕೊಂಡು ಕುರ್ಚಿಯಿಂದ ಎದ್ದು ನಿಲ್ಲುವ ಮಗುವಿಗೆ ಬೇರೆ ಸಲಹೆ ಬೇಕಿಲ್ಲ.

ಪ್ರಯೋಗಾಲಯ ಇಷ್ಟು ಬೇಗ ತೀರ್ಪು ಹೇಳುವುದಿಲ್ಲ. 1967ರಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ಭೌತವಿಜ್ಞಾನ ಒಲಿಂಪಿಯಾಡ್‌ನಲ್ಲಿ ಸಿದ್ಧಾಂತದ ಜೊತೆಗೆ ಪ್ರಯೋಗಕ್ಕೂ ಪ್ರತ್ಯೇಕ ಪರೀಕ್ಷೆಯಿದೆ, ಅಂಕಗಳಲ್ಲಿ ಅದರದು ಸಣ್ಣ ಪಾಲಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು 40 ಸೆಂಟಿಮೀಟರ್ ದಾರದ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಅಳೆಯುತ್ತಿದ್ದಳು. ಇಪ್ಪತ್ತು ಆಂದೋಲನಗಳ ಕಾಲವನ್ನು ಎಷ್ಟು ಸಲ ಎಣಿಸಿದರೂ ಉತ್ತರ 9.8ರ ಬದಲು 9.6ರ ಹತ್ತಿರವೇ ನಿಲ್ಲುತ್ತಿತ್ತು. ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ದಾರದ ತುದಿಗೇ ನಿಲ್ಲಿಸಿದ್ದೇ ಕಾರಣವೆಂದು ಹೊಳೆಯುವಷ್ಟರಲ್ಲಿ ಸಂಜೆಯಾಗಿತ್ತು. ನಾನು ಬಾಯಿಬಿಡಲಿಲ್ಲ, ಅದು ಸುಲಭವೂ ಆಗಿರಲಿಲ್ಲ. ಕೋಡಿಂಗ್‌ನಲ್ಲೂ ಚುರುಕಾಗಿದ್ದ ಆಕೆ ಆ ಸಂಜೆಯ ನಂತರ ಭೌತವಿಜ್ಞಾನವನ್ನೇ ಆರಿಸಿಕೊಂಡಳು.

ಎರಡರಲ್ಲೂ ಗಣಿತದ ತಳಪಾಯ ಒಂದೇ ಆದ್ದರಿಂದ ಒಂದನ್ನು ಬಿಟ್ಟರೆ ಶ್ರಮವೆಲ್ಲ ವ್ಯರ್ಥವೆಂಬ ಭಯ ಬೇಡ. ಆದರೆ ಒಂದೇ ವರ್ಷದಲ್ಲಿ ಎರಡಕ್ಕೂ ತಯಾರಿ ಮಾಡಿಸುವುದನ್ನು ನಾನು ಒಪ್ಪಲಾರೆ. ಶಾಲೆಗಳು ಸ್ಪರ್ಧಿಗಳ ಹೆಸರು ಬರೆದುಕೊಳ್ಳುವ ಮುನ್ನ ಮಕ್ಕಳಿಗೆ ಕೆಲವು ವಾರ ಪ್ರಯೋಗಾಲಯವನ್ನೂ ಕಂಪ್ಯೂಟರ್ ಕೊಠಡಿಯನ್ನೂ ಅಂಕದ ಹಂಗಿಲ್ಲದೆ ತೆರೆದಿಡಲಿ ಎಂದು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ