ನಂಬರ್ ಒನ್ ಬಿಡು, ಲೈನ್ ನೋಡು

ಕೊಲಂಬಸ್, ಒಹಾಯೊ
2025 ಆಗಸ್ಟ್ 14

ಪ್ರಿಯ ರಾಘು,

ನಿನ್ನ ಮೆಸೇಜ್ ಓದಿ ನಕ್ಕೆ ಮಾರಾಯ. ಆಸ್ಟಿನ್‌ಗೆ ಬಂದು ಇನ್ನೂ ಸಾಮಾನು ಬಿಚ್ಚಿಲ್ಲ, ಆಗಲೇ ಆಫೀಸಿನವರು ನಿನಗೆ ಅಲ್ಲಿಯ ಟೆಕ್ಸಸ್ ಯೂನಿವರ್ಸಿಟಿ ತಂಡದ ಕಿತ್ತಳೆ ಬಣ್ಣದ ಟೀ ಶರ್ಟ್ ತೊಡಿಸಿ, ಬೆರಳಲ್ಲಿ ತೋರಿಸುವ ಕೊಂಬಿನ ಮುದ್ರೆ ಕಲಿಸಿಬಿಟ್ಟಿದ್ದಾರೆ. ಮೇಲಿಂದ ನನಗೇ ಸವಾಲು: "ನಾವು ನಂಬರ್ ಒನ್ ಅಂತೆ, ನಿಮ್ಮೂರಿನವರ ಕಥೆ ಏನು?" ಕೇಳಿದ್ದೀಯಲ್ಲ, ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಕಾಫಿ ಇಟ್ಟುಕೊಂಡು ಕೂತುಕೋ.

ಮೊದಲು ಆ ನಂಬರ್ ಒನ್ ವಿಷಯ. ಈ ಸೋಮವಾರ ಕಾಲೇಜು ಫುಟ್‌ಬಾಲ್ ತಂಡಗಳ (ಅಮೆರಿಕನ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಲ್ಲ) ಬಗ್ಗೆ ಅಸೋಸಿಯೇಟೆಡ್ ಪ್ರೆಸ್‌ನವರ ಪಟ್ಟಿ ಬಂತು. ದೇಶದ ಬೇರೆ ಬೇರೆ ಊರುಗಳ ಕ್ರೀಡಾ ವರದಿಗಾರರು ಮತ ಹಾಕಿ ತಯಾರಿಸುವ ಪಟ್ಟಿ ಅದು. ಟೆಕ್ಸಸ್‌ಗೆ ಮೊದಲ ಸ್ಥಾನದ 25 ಮತ, ಪೆನ್ ಸ್ಟೇಟ್‌ಗೆ 23, ನಮ್ಮ ಒಹಾಯೊ ಸ್ಟೇಟ್‌ಗೆ 11. ಸೀಸನ್ ಶುರುವಾಗುವ ಮೊದಲಿನ ಪಟ್ಟಿಯಲ್ಲಿ ಟೆಕ್ಸಸ್ ತುದಿಗೆ ಏರಿದ್ದು ಇದೇ ಮೊದಲು. ಅಷ್ಟು ಹೆಸರು, ಅಷ್ಟು ದುಡ್ಡು ಇರುವ ಕಾಲೇಜಿಗೆ ಇಷ್ಟು ವರ್ಷ ಅದು ದಕ್ಕಿರಲಿಲ್ಲ ಅನ್ನೋದೇ ಆಶ್ಚರ್ಯ. ನಿನ್ನ ಆಫೀಸಿನವರು ಕುಣಿಯುವುದರಲ್ಲಿ ತಪ್ಪಿಲ್ಲ ಬಿಡು. ಅವರು ಕೊನೆಯ ಸಲ ಚಾಂಪಿಯನ್ ಆಗಿದ್ದು 2005ರ ಸೀಸನ್‌ನಲ್ಲಿ. ಆಮೇಲೆ ಪ್ರತಿ ಆಗಸ್ಟ್‌ನಲ್ಲೂ ಅವರದ್ದು "ಈ ಸಲ ಕಪ್ ನಮ್ದೇ" ಕಥೆ. ಜೂನ್‌ನಲ್ಲಿ ಆರ್‌ಸಿಬಿ ಗೆದ್ದಾಗ ನೀನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ ಅಲ್ವಾ? ಹಾಗಿದ್ದ ಮೇಲೆ ಅವರ ಕಷ್ಟ ನಿನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಈ ಪಟ್ಟಿಯ ಚರಿತ್ರೆಯನ್ನೂ ನೋಡು. ಆಗಸ್ಟ್‌ನಲ್ಲಿ ಮೊದಲಿದ್ದು ಜನವರಿಯಲ್ಲೂ ಮೊದಲೇ ಉಳಿದ ತಂಡ ಕೊನೆಯ ಸಲ ಸಿಕ್ಕಿದ್ದು 2017ರಲ್ಲಿ, ಅಲಬಾಮಾ. ಹೋದ ವರ್ಷ ಜಾರ್ಜಿಯಾ ಮೊದಲಿತ್ತು, ಕ್ವಾರ್ಟರ್‌ಫೈನಲ್‌ನಲ್ಲೇ ನೋಟ್ರ್ ಡೇಮ್ ಮನೆಗೆ ಕಳಿಸಿತು. ಹತ್ತನೇ ಸ್ಥಾನದಲ್ಲಿದ್ದ ಫ್ಲಾರಿಡಾ ಸ್ಟೇಟ್ ಎರಡೇ ಎರಡು ಮ್ಯಾಚ್ ಗೆದ್ದು ಹತ್ತು ಸೋತಿತು. ಇನ್ನೊಂದು ಕಡೆ ಅರಿಜೋನಾ ಸ್ಟೇಟ್ ತನ್ನ ಕಾನ್ಫರೆನ್ಸಿನ, ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪಿನ, 16 ತಂಡಗಳಲ್ಲಿ ಕೊನೆಗೆ ಬರುತ್ತದೆ ಅಂತ ವರದಿಗಾರರು ಬರೆದಿದ್ದರು. ಅದು ಕಾನ್ಫರೆನ್ಸ್ ಗೆದ್ದು ಕಪ್‌ಗಾಗಿ ನಡೆಯುವ ಪ್ಲೇಆಫ್‌ಗೆ ಬಂತು, ನಿಮ್ಮ ಟೆಕ್ಸಸ್‌ಗೆ ಎರಡು ಓವರ್‌ಟೈಮ್‌ವರೆಗೆ ಬೆವರಿಳಿಸಿತು. ನಮ್ಮ ಪಕ್ಕದ ಇಂಡಿಯಾನಾವನ್ನು 18 ತಂಡಗಳಲ್ಲಿ 17ನೆಯದು ಅಂದಿದ್ದರು, ಅವರು 11 ಮ್ಯಾಚ್ ಗೆದ್ದರು. ಆಗಸ್ಟ್ ಪಟ್ಟಿಯಲ್ಲಿ ಹೋದ ವರ್ಷದ ನೆನಪೂ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕಿನ ಹೆಸರೂ ಸೇರಿರುತ್ತವೆ, ಅಷ್ಟೇ.

ಈ ಸಲವಂತೂ ಹೆಸರಿನ ಮಹಿಮೆ ಸ್ವಲ್ಪ ಜಾಸ್ತಿಯೇ ಆಯಿತು. ಟೆಕ್ಸಸ್‌ನ ಹೊಸ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್. ತಾತ ಆರ್ಚಿ, ದೊಡ್ಡ ಕ್ವಾರ್ಟರ್‌ಬ್ಯಾಕ್. ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ, ಇಬ್ಬರೂ ಎರಡೆರಡು ಸೂಪರ್ ಬೌಲ್ (ಪ್ರೊ ಫುಟ್‌ಬಾಲ್‌ನ ಫೈನಲ್) ಗೆದ್ದವರು. ಹುಡುಗ ಒಳ್ಳೆಯವನೇ. ಈ ಕಾಲದಲ್ಲಿ ಆಡಲು ಅವಕಾಶ ಸಿಗದಿದ್ದರೆ ಮರುದಿನವೇ ಬೇರೆ ಕಾಲೇಜಿಗೆ ಹಾರುತ್ತಾರೆ. ಇವನು ಎರಡು ವರ್ಷ ಆಗಿನ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್‌ನ ಹಿಂದೆ ತಾಳ್ಮೆಯಿಂದ ಕಾದ. ಕೈ ಬಲವಾಗಿದೆ, ಓಡುತ್ತಾನೆ ಕೂಡ. ಆದರೆ ಇಲ್ಲಿಯವರೆಗೆ ಅವನು ಮೊದಲ ನಿಮಿಷದಿಂದ ಆಡಿದ್ದು ಎರಡೇ ಮ್ಯಾಚ್, ಯೂವರ್ಸ್‌ಗೆ ಪೆಟ್ಟಾಗಿದ್ದಾಗ. ಎದುರಾಳಿಗಳು ಲೂಸಿಯಾನಾ-ಮನ್ರೊ ಮತ್ತು ಮಿಸಿಸಿಪಿ ಸ್ಟೇಟ್. ಎರಡೂ ಅಂಥ ದೊಡ್ಡ ತಂಡಗಳಲ್ಲ. ಅಷ್ಟರಿಂದಲೇ ಅವನೇ ಈ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನ ಹೈಸ್ಮನ್ ಪ್ರಶಸ್ತಿ ಗೆಲ್ಲುತ್ತಾನೆ ಅಂತ ಟಿವಿಯವರು ತೀರ್ಮಾನ ಕೊಟ್ಟಾಗಿದೆ. ಆ ಹುಡುಗನ ಮೇಲೆ ನನಗೆ ಪಾಪ ಅನ್ನಿಸುತ್ತದೆ.

ನಾನು ನೋಡುವುದು ಬೇರೆ. ಕ್ವಾರ್ಟರ್‌ಬ್ಯಾಕಿನ ಮುಂದೆ ಐದು ಜನ ನಿಲ್ಲುತ್ತಾರೆ, ಅದೇ ಆಫೆನ್ಸಿವ್ ಲೈನ್. ಒಬ್ಬೊಬ್ಬ 140 ಕೆಜಿ ಆಸುಪಾಸು. ಇವರು ಚೆಂಡು ಹಿಡಿದು ಓಡುವವರಲ್ಲ, ಟಿವಿಯಲ್ಲಿ ಇವರ ಮುಖವೂ ಕಾಣುವುದಿಲ್ಲ. ಆದರೆ ಎದುರಿನಿಂದ ನುಗ್ಗುವವರನ್ನು ಇವರು ಮೂರು ಸೆಕೆಂಡ್ ತಡೆದರೆ ಆರ್ಚ್ ಮ್ಯಾನಿಂಗ್ ಹೀರೊ. ಒಂದೂವರೆ ಸೆಕೆಂಡ್ ಆದರೆ ಅವನು ನೆಲದ ಮೇಲೆ. ಹೋದ ವರ್ಷ ಟೆಕ್ಸಸ್ ಪರ ನಿಂತ ಆ ಐವರಲ್ಲಿ ನಾಲ್ವರು ಹೊರಟುಹೋದರು. ಅದರಲ್ಲಿ ಕೆಲ್ವಿನ್ ಬ್ಯಾಂಕ್ಸ್‌ನನ್ನು ನ್ಯೂ ಆರ್ಲಿಯನ್ಸ್ ತಂಡದವರು, ಪ್ರೊ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಒಂಬತ್ತನೆಯವನಾಗಿಯೇ ಎತ್ತಿಕೊಂಡರು. ಉಳಿದವನು ಡಿಜೆ ಕ್ಯಾಂಪ್‌ಬೆಲ್ ಒಬ್ಬ. ಹೊಸ ಹುಡುಗರು ಕೈಲಾಗದವರಲ್ಲ, ಆದರೆ ಲೈನ್ ಅನ್ನೋದು ಒಟ್ಟಿಗೆ ಆಡಿ ಆಡಿ ಕೂಡುವ ವಿದ್ಯೆ. ಪಕ್ಕದವನು ಯಾರನ್ನು ತಡೆಯುತ್ತಾನೆ, ಯಾರನ್ನು ನನಗೆ ಬಿಡುತ್ತಾನೆ ಅಂತ ಕೇಳದೆಯೇ ಗೊತ್ತಾಗಬೇಕು. ಇವರ ಮೊದಲ ಪರೀಕ್ಷೆಯೇ ಆಗಸ್ಟ್ 30ಕ್ಕೆ, ಒಹಾಯೊ ಸ್ಟೇಟ್ ಎದುರು, ನಮ್ಮೂರಿನ ಹಾರ್ಸ್‌ಶೂ ಸ್ಟೇಡಿಯಂನಲ್ಲಿ, ಲಕ್ಷಕ್ಕೂ ಜಾಸ್ತಿ ಜನ ಕಿರುಚುವಾಗ. ಕ್ವಾರ್ಟರ್‌ಬ್ಯಾಕ್ ಕೂಗಿದ್ದು ಎರಡಡಿ ದೂರದಲ್ಲಿರುವವನಿಗೂ ಕೇಳಿಸುವುದಿಲ್ಲ.

ಹೋದ ಜನವರಿಯ ಕಾಟನ್ ಬೌಲ್ ನೀನು ನೋಡಿಲ್ಲ ಅಲ್ವಾ? ಆಫೀಸಿನಲ್ಲಿ ಯಾರ ಮುಂದೆಯೂ ಆ ವಿಷಯ ಎತ್ತಬೇಡ, ಮೊದಲು ನನ್ನಿಂದ ಕೇಳು. ಸೆಮಿಫೈನಲ್, ಇದೇ ಎರಡು ತಂಡ. ಒಹಾಯೊ ಸ್ಟೇಟ್ 21, ಟೆಕ್ಸಸ್ 14, ಆಟ ಮುಗಿಯಲು ಕೆಲವೇ ನಿಮಿಷ. ಟೆಕ್ಸಸ್ ಕೈಯಲ್ಲಿ ಚೆಂಡು. ಗೆರೆ ದಾಟಲು ಬೇಕಾಗಿದ್ದು ಒಂದೇ ಒಂದು ಗಜ, ಅದಕ್ಕೆ ನಾಲ್ಕು ಅವಕಾಶ. ಮೊದಲನೆಯದರಲ್ಲಿ ನೇರ ನುಗ್ಗಿದರು, ಒಂದಿಂಚೂ ಸಿಗಲಿಲ್ಲ. ಎರಡನೆಯದರಲ್ಲಿ ಪಕ್ಕಕ್ಕೆ ಚೆಂಡು ಕೊಟ್ಟು ಸುತ್ತಿಬಳಸಿ ಹೋಗಲು ನೋಡಿದರು, ಅಲ್ಲಿ ಏಳು ಗಜ ಹಿಂದಕ್ಕೆ ಬಿದ್ದರು. ಮೂರನೆಯದು ಪಾಸ್, ಕೈಗೆ ಸಿಗಲಿಲ್ಲ. ನಾಲ್ಕನೆಯದರಲ್ಲಿ ಯೂವರ್ಸ್ ಹಿಂದೆ ಸರಿದ. ನಮ್ಮ ಜ್ಯಾಕ್ ಸಾಯರ್ ಬಂದು ಅವನ ಕೈಯಿಂದ ಚೆಂಡು ಹಾರಿಸಿದ. ಅದು ಪುಟಿದು ಬಂದು ಸಾಯರ್ ಕೈಗೇ ಬಿತ್ತು. ಅಲ್ಲಿಂದ 83 ಗಜ ಓಡಿ ಎದುರಿನ ಗೆರೆ ದಾಟಿದ, ಟಚ್‌ಡೌನ್. ಅಷ್ಟು ದಪ್ಪ ಮನುಷ್ಯ ಅಷ್ಟು ದೂರ ಓಡುವುದನ್ನು ನೋಡುವುದೇ ಒಂದು ಸುಖ. ಇನ್ನೂ ತಮಾಷೆ ಏನು ಗೊತ್ತಾ? 2021ರಲ್ಲಿ ಯೂವರ್ಸ್ ಒಹಾಯೊ ಸ್ಟೇಟ್‌ನಲ್ಲಿದ್ದ. ಆಗ ಅವನ ರೂಮ್‌ಮೇಟ್ ಇದೇ ಸಾಯರ್.

ಆ ನಾಲ್ಕು ಅವಕಾಶಗಳಲ್ಲಿ ಟೆಕ್ಸಸ್ ಸೋತಿದ್ದು ಎಲ್ಲಿ? ಹೆಸರಿನಲ್ಲಲ್ಲ, ಲೈನಿನಲ್ಲಿ. ನಾನು ಅದನ್ನೇ ಹಿಡಿದು ಕೂತಿರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಹಾಗಂತ ನಮ್ಮವರು ಆರಾಮಾಗಿದ್ದಾರೆ ಅಂದುಕೊಳ್ಳಬೇಡ. ಹೋದ ಸೀಸನ್‌ನಲ್ಲಿ ಚಾಂಪಿಯನ್ ಆದ ನಮ್ಮ ತಂಡದಿಂದ 14 ಜನ ಡ್ರಾಫ್ಟ್ ಆಗಿ ಹೋದರು. ಸಾಯರ್ ಹೋದ, ಅವನ ಜೊತೆ ಎದುರಾಳಿಯ ಮೇಲೆ ನುಗ್ಗುವ ಡಿಫೆನ್ಸಿವ್ ಲೈನಿನ ಉಳಿದ ಮೂವರೂ ಹೋದರು. ಕ್ವಾರ್ಟರ್‌ಬ್ಯಾಕ್ ವಿಲ್ ಹೊವಾರ್ಡ್ ಪಿಟ್ಸ್‌ಬರ್ಗ್‌ಗೆ. ಅವನ ಜಾಗಕ್ಕೆ ಜೂಲಿಯನ್ ಸೇಯಿನ್ ಮತ್ತು ಲಿಂಕನ್ ಕೀನ್‌ಹೋಲ್ಜ್ ನಡುವೆ ಪೈಪೋಟಿ, ಇವತ್ತಿನವರೆಗೂ ಕೋಚ್ ರಯಾನ್ ಡೇ ಬಾಯಿ ಬಿಟ್ಟಿಲ್ಲ. ಆಫೆನ್ಸ್, ಡಿಫೆನ್ಸ್ ಎರಡರ ಮುಖ್ಯ ಸಹಾಯಕ ಕೋಚ್‌ಗಳೂ ಹೋದರು. ಅದರಲ್ಲಿ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಜಿಮ್ ನೋಲ್ಸ್‌ನನ್ನು ಪೆನ್ ಸ್ಟೇಟ್‌ನವರು ಎಳೆದುಕೊಂಡರು, ವರ್ಷಕ್ಕೆ 30 ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟು ಅಂತ ಸುದ್ದಿ. ನಮಗೆ ಬಂದವನು ಮ್ಯಾಟ್ ಪೆಟ್ರಿಸಿಯಾ, ಪ್ರೊ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಲ್ಲಿ ಹೆಸರು ಮಾಡಿದವನು, ಡೆಟ್ರಾಯಿಟ್‌ನಲ್ಲಿ ಕೈಸುಟ್ಟುಕೊಂಡವನು. ಕಾಲೇಜು ಹುಡುಗರಿಗೆ ಅವನು ಹೇಗೆ ಒಗ್ಗುತ್ತಾನೋ ನೋಡಬೇಕು.

ಆದರೂ ನನಗೆ ಧೈರ್ಯ ಇರುವುದು ಇಬ್ಬರ ಮೇಲೆ. ಡಿಫೆನ್ಸ್‌ನ ಹಿಂದೆ ಕೇಲಬ್ ಡೌನ್ಸ್, ಪಾಸ್ ಹಿಡಿಯಲು ಮುಂದೆ ಜೆರೆಮೈಯಾ ಸ್ಮಿತ್. ಸ್ಮಿತ್ ಹೋದ ವರ್ಷ ಫಸ್ಟ್ ಇಯರ್ ಹುಡುಗ. ಪಾಸ್ ಹಿಡಿದು ಗಳಿಸಿದ್ದು 1,315 ಗಜ, 15 ಟಚ್‌ಡೌನ್. ಅಟ್ಲಾಂಟಾದ ಫೈನಲ್ ಕೊನೆಗೆ ನೋಟ್ರ್ ಡೇಮ್ ಒಂದೇ ಸಮ ಹಿಂದಟ್ಟಿ ಬಂದು 31-23ಕ್ಕೆ ತಂದು ನಿಲ್ಲಿಸಿತ್ತು. ನಮ್ಮವರಿಗೆ ಮೂರನೇ ಅವಕಾಶ, ಚೆಂಡು ಕೈಯಲ್ಲೇ ಉಳಿಯಲು ಇನ್ನೂ 11 ಗಜ ಬೇಕು. ಗೆಲ್ಲುತ್ತಿರುವ ಕೋಚ್ ಅಲ್ಲಿ ಚೆಂಡು ಹಿಡಿದು ಓಡಿಸಿ ಗಡಿಯಾರ ಓಡಲಿ ಅಂತ ಬಿಡುತ್ತಾನೆ. ಡೇ ಹಾಗೆ ಮಾಡಲಿಲ್ಲ. ಸ್ಮಿತ್ ಎದುರು ಒಬ್ಬನೇ ಇದ್ದ, ಹೊವಾರ್ಡ್ ಎತ್ತರಕ್ಕೆ ಎಸೆದ, 56 ಗಜ. ಅಲ್ಲಿಗೆ ಆಟ ಮುಗಿಯಿತು, ಕೊನೆಗೆ 34-23. ಆ ಫೈನಲ್‌ಗೆ ಸುಮಾರು ಎರಡು ತಿಂಗಳ ಮೊದಲು ಮನೆಯಂಗಳದಲ್ಲೇ ಮಿಷಿಗನ್‌ಗೆ 13-10ರಿಂದ ಸೋತಾಗ ಇದೇ ಊರಿನವರು ಡೇಯನ್ನು ಕೆಲಸದಿಂದ ತೆಗೆಯಿರಿ ಅಂತ ಬೊಬ್ಬೆ ಹಾಕಿದ್ದರು. ಈಗಲೂ ಕಪ್ ಗೆದ್ದಿದ್ದಕ್ಕಿಂತ ಮಿಷಿಗನ್‌ಗೆ ಸತತ ನಾಲ್ಕು ವರ್ಷ ಸೋತಿದ್ದೇ ಕೆಲವರ ಹೊಟ್ಟೆಯಲ್ಲಿ ಕುದಿಯುತ್ತಿದೆ. ಇಲ್ಲಿಯ ಜನರೇ ಹಾಗೆ.

ಇನ್ನು ಪೆನ್ ಸ್ಟೇಟ್. ಕಾಗದದ ಮೇಲೆ ನೋಡಿದರೆ ಈ ವರ್ಷದ ಅತಿ ಗಟ್ಟಿ ತಂಡ ಅದೇ. ಲೈನಿನಲ್ಲಿ ಹಳಬರು ಉಳಿದಿದ್ದಾರೆ. ನಿಕೋಲಸ್ ಸಿಂಗಲ್ಟನ್, ಕೇಟ್ರಾನ್ ಆಲನ್, ಹೋದ ವರ್ಷ ಇಬ್ಬರೂ ಸಾವಿರ ಗಜ ದಾಟಿ ಓಡಿದವರು. ಕ್ವಾರ್ಟರ್‌ಬ್ಯಾಕ್ ಡ್ರೂ ಆಲರ್ ಕೂಡ ಡ್ರಾಫ್ಟ್ ಬಿಟ್ಟು ಮತ್ತೆ ಬಂದ. ನನ್ನ ಲೆಕ್ಕದ ಪ್ರಕಾರ ನಾನು ಇವರನ್ನೇ ಮೊದಲಿಡಬೇಕು. ಇಡಲು ಮನಸ್ಸು ಬರುತ್ತಿಲ್ಲ. ಕೋಚ್ ಜೇಮ್ಸ್ ಫ್ರಾಂಕ್ಲಿನ್ ಸಣ್ಣ ತಂಡಗಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ದೊಡ್ಡವರನ್ನು ಹೆಚ್ಚಾಗಿ ಗೆಲ್ಲುವುದಿಲ್ಲ. ಹೋದ ಸಲ ಇನ್ನೊಂದು ಸೆಮಿಫೈನಲ್‌ನಲ್ಲಿ, ನೋಟ್ರ್ ಡೇಮ್ ಎದುರು, ಕೊನೆಯ ನಿಮಿಷದಲ್ಲಿ ಆಲರ್ ಎಸೆದ ಚೆಂಡು ಎದುರಾಳಿ ಕೈಗೆ ಹೋಯಿತು, 27-24ಕ್ಕೆ ಸೋತರು. ಆ ಇಡೀ ಮ್ಯಾಚಿನಲ್ಲಿ ಅವರ ವೈಡ್ ರಿಸೀವರ್‌ಗಳು (ಅಂಚಿನಲ್ಲಿ ಓಡಿ ಪಾಸ್ ಹಿಡಿಯುವವರು) ಹಿಡಿದ ಪಾಸ್ ಎಷ್ಟು ಗೊತ್ತಾ? ಸೊನ್ನೆ. ಅದಕ್ಕೇ ಈ ಸಲ ಬೇರೆ ಕಾಲೇಜುಗಳಿಂದ ಮೂವರು ರಿಸೀವರ್‌ಗಳನ್ನು ತಂದಿದ್ದಾರೆ. ಸೆಪ್ಟೆಂಬರ್ 27ರ ರಾತ್ರಿ ಆರೆಗಾನ್ ಅವರ ಊರಿಗೆ ಬರುತ್ತದೆ, ಸ್ಟೇಡಿಯಂ ಪೂರ್ತಿ ಬಿಳಿ ಬಟ್ಟೆ ತೊಟ್ಟ ಜನ. ಅವತ್ತು ಗೆದ್ದರೆ ನಾನು ನಂಬುತ್ತೇನೆ.

ಕ್ಲೆಮ್ಸನ್ ನನಗೆ ಇಷ್ಟ. ಕ್ವಾರ್ಟರ್‌ಬ್ಯಾಕ್ ಕೇಡ್ ಕ್ಲಬ್ನಿಕ್ ಅನುಭವಿ, ಮುಂದಿನ ಸಾಲಿನಲ್ಲಿ ಪೀಟರ್ ವುಡ್ಸ್‌ನಂಥ ಆಳುಗಳಿದ್ದಾರೆ. ಹೊರಗಿನಿಂದ ಹುಡುಗರನ್ನು ತರುವುದಕ್ಕೆ ಕೋಚ್ ಡ್ಯಾಬೊ ಸ್ವಿನಿ ಹಿಂದೆಮುಂದೆ ನೋಡುವ ಮನುಷ್ಯ, ಅದೇ ಅವರ ಶಕ್ತಿ, ಅದೇ ಅವರ ದೌರ್ಬಲ್ಯ. ಜಾರ್ಜಿಯಾ ಎಂದಿನಂತೆ ಜಾರ್ಜಿಯಾ, ಕ್ವಾರ್ಟರ್‌ಬ್ಯಾಕ್ ಮಾತ್ರ ಹೊಸಬ. ಆರೆಗಾನ್, ನೋಟ್ರ್ ಡೇಮ್ ಕಥೆಯೂ ಅದೇ. ಅಲಬಾಮಾ ಬಗ್ಗೆ ನನಗೆ ಈ ವರ್ಷ ಏನೂ ಅನ್ನಿಸುತ್ತಿಲ್ಲ, ಬಿಟ್ಟುಬಿಡು.

ದುಡ್ಡಿನ ಬಗ್ಗೆಯೂ ನೀನು ಕೇಳಿದ್ದೆ. ಹೌದು, ಈಗ ಕಾಲೇಜೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು. ಆಟಗಾರರು ಹಾಕಿದ್ದ ಕೇಸಿನ ಒಪ್ಪಂದಕ್ಕೆ ಜೂನ್‌ನಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿತು, ಜುಲೈ 1ರಿಂದ ಜಾರಿ. ಎಲ್ಲ ಆಟಗಳೂ ಸೇರಿ ಈ ವರ್ಷ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಸ್ಪಾನ್ಸರ್‌ಗಳು ಕೊಡುವುದು ಬೇರೆ. ಹಾಗಾಗಿ ಟ್ಯಾಲೆಂಟ್ ನಾಲ್ಕೈದು ಕಾಲೇಜಿನಲ್ಲೇ ಗುಡ್ಡೆ ಬೀಳುತ್ತದೆ ಅಂತ ಎಲ್ಲರೂ ಹೆದರಿದ್ದರು. ನನಗೆ ಕಾಣುವುದು ಉಲ್ಟಾ. ಮೊದಲಾದರೆ ಅಲಬಾಮಾದಲ್ಲಿ ಬೆಂಚ್ ಮೇಲೆ ಮೂರು ವರ್ಷ ಕೂರುತ್ತಿದ್ದ ಹುಡುಗ ಈಗ ಇಂಡಿಯಾನಾಕ್ಕೋ ಅರಿಜೋನಾಕ್ಕೋ ಹೋಗಿ ಆಡುತ್ತಾನೆ. ದೊಡ್ಡವರ ಎರಡನೇ ಸಾಲು ತೆಳ್ಳಗಾಗಿದೆ. ಆಗಸ್ಟ್ ಪಟ್ಟಿ ನವೆಂಬರ್‌ನಲ್ಲಿ ಮುರಿದುಬೀಳುವುದಕ್ಕೆ ಇದೂ ಒಂದು ಕಾರಣ. ಗಾಯಾಳುಗಳ ಜಾಗಕ್ಕೆ ಬರುವವನು ಮೊದಲಿನಷ್ಟು ಗಟ್ಟಿ ಇರುವುದಿಲ್ಲ.

ಪ್ಲೇಆಫ್ ಲೆಕ್ಕ ಸುಲಭ. ಒಟ್ಟು 12 ತಂಡ, ಮೊದಲ ನಾಲ್ವರಿಗೆ ಮೊದಲ ಸುತ್ತು ಆಡುವ ಕೆಲಸ ಇಲ್ಲ. ಹೋದ ವರ್ಷ ಆ ನಾಲ್ಕು ಜಾಗ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲಿತ್ತು. ಈ ಸಲ ಆ ಮೀಸಲಾತಿ ತೆಗೆದಿದ್ದಾರೆ, ರ‍್ಯಾಂಕ್ ಹೇಗಿದೆಯೋ ಹಾಗೆ. ಅಂದರೆ ಆಗಸ್ಟ್‌ನಲ್ಲಿ ಒಂದು ಮ್ಯಾಚ್ ಸೋತರೆ ಜೀವ ಹೋಗುವುದಿಲ್ಲ. ನಿಮ್ಮವರು ಇಲ್ಲಿ ಸೋತರೂ ಪ್ಲೇಆಫ್‌ಗೆ ಬರಬಹುದು. ಅಕ್ಟೋಬರ್ 11ರ ಡಲ್ಲಾಸ್ ಮ್ಯಾಚು, ಓಕ್ಲಹೋಮಾ ಎದುರು, ಸಾಧ್ಯವಾದರೆ ಹೋಗಿ ನೋಡು. ನವೆಂಬರ್ 15ಕ್ಕೆ ಜಾರ್ಜಿಯಾಕ್ಕೆ ಹೋಗಬೇಕು ಅವರು. ಹೋದ ವರ್ಷ ಜಾರ್ಜಿಯಾ ಎರಡು ಸಲ ಸೋಲಿಸಿತ್ತು. ಅಷ್ಟರೊಳಗೆ ಲೈನ್ ಕೂಡಿದ್ದರೆ ಸರಿ.

ಇಲ್ಲಿ ಊರಿಗೆ ಊರೇ ಆ 30ನೇ ತಾರೀಕಿಗೆ ಕಾಯುತ್ತಿದೆ. ಟಿವಿಯ ಲೀ ಕೋರ್ಸೊ ಕೂಡ ಬರುತ್ತಾನೆ. ಈ ತಿಂಗಳು 90 ತುಂಬಿದ ಅಜ್ಜ, ಯಾವ ತಂಡ ಗೆಲ್ಲುತ್ತದೋ ಅದರ ಮುಖವಾಡ ಹಾಕಿಕೊಂಡು ಭವಿಷ್ಯ ಹೇಳುವವನು. ಮೊದಲ ಸಲ ಹಾಗೆ ಮಾಡಿದ್ದು 1996ರಲ್ಲಿ ಇದೇ ಕೊಲಂಬಸ್‌ನಲ್ಲಿ, ನಿವೃತ್ತಿಯೂ ಇಲ್ಲೇ. ತೊಂದರೆ ಏನಪ್ಪಾ ಅಂದರೆ ನಮ್ಮ ಕನ್ನಡ ಬಳಗದ ಗಣೇಶನ ಹಬ್ಬದ ಊಟವೂ ಅದೇ ಶನಿವಾರ ಮಧ್ಯಾಹ್ನ. ಆಟ ಶುರುವಾಗುವುದು 12ಕ್ಕೆ, ನಿಮಗೆ 11. ಅಡುಗೆಯವರ ಗುಂಪಿನಲ್ಲಿ ನಾನೂ ಇದ್ದೇನೆ. ಪಾತ್ರೆಗಳ ಪಕ್ಕ ಒಂದು ಲ್ಯಾಪ್‌ಟಾಪ್ ಇಡುತ್ತೇನೆ ಅಂದಿದ್ದಕ್ಕೆ ನಮ್ಮವಳು ಇನ್ನೂ ಉತ್ತರ ಕೊಟ್ಟಿಲ್ಲ.

ನನ್ನ ಭವಿಷ್ಯ ಕೇಳುತ್ತೀಯ? ಒಹಾಯೊ ಸ್ಟೇಟ್ ಗೆಲ್ಲುತ್ತದೆ, ಆದರೆ ಸ್ಕೋರ್ ಜಾಸ್ತಿ ಇರುವುದಿಲ್ಲ. ಎರಡೂ ಕಡೆ ಹೊಸ ಕ್ವಾರ್ಟರ್‌ಬ್ಯಾಕ್, ಕೋಚ್‌ಗಳು ಕೈ ಬಿಗಿಹಿಡಿದು ಆಡಿಸುತ್ತಾರೆ. ಪಂದ್ಯಕ್ಕೆ ಪಂದ್ಯ ಅನ್ನುವಂತೆ ನಾವೂ ಒಂದು ಬಾಜಿ ಕಟ್ಟೋಣ. ನಾನು ಸೋತರೆ ದೀಪಾವಳಿಗೆ ನಿನ್ನ ಮನೆಗೆ ಒಂದು ಡಬ್ಬಿ ಹೋಳಿಗೆ ಕಳಿಸುತ್ತೇನೆ. ನೀನು ಸೋತರೆ ಆ ಕಿತ್ತಳೆ ಟೀ ಶರ್ಟ್ ಇಲ್ಲಿಗೆ ಪಾರ್ಸೆಲ್ ಮಾಡು.

ನಿನ್ನ,
ಶ್ರೀಧರ