ತೋಟ ಮಾರಿ ಸೀಟು ಬೇಡ, ಪುಟ್ಟಿ

ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದ.

ಸಿಇಟಿ ರ‍್ಯಾಂಕ್ ಚೆನ್ನಾಗೇ ಬಂದಿದೆ. ಬೆಂಗಳೂರಿನ ದೊಡ್ಡ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಗೋ ಅಷ್ಟಿಲ್ಲ, ಅಷ್ಟೇ. ಅದಕ್ಕೇ ನೀನು ಊಟ ಬಿಟ್ಟು ಕೂತಿದ್ದೀಯಂತೆ. ನಿಮ್ಮಪ್ಪ ಹೊಳಲ್ಕೆರೆಯಿಂದ ಫೋನ್ ಮಾಡಿ, ಮ್ಯಾನೇಜ್‌ಮೆಂಟ್ ಸೀಟಿಗೆ ತೋಟದಲ್ಲಿ ಒಂದೆಕರೆ ಕೊಟ್ಟುಬಿಡ್ತೀನಿ ಅಂದ. ರಾತ್ರಿಯಿಡೀ ನನಗೆ ನಿದ್ದೆ ಹತ್ತಲಿಲ್ಲ.

ಆ ಒಂದೆಕರೆ ಹೋಗಬಾರದು, ಪುಟ್ಟಿ. ನಿನ್ನ ಓದಿಗೆ ಅದು ಬೇಕಾಗೂ ಇಲ್ಲ.

ಕಂಪ್ಯೂಟರ್ ಸೈನ್ಸ್ ಬೇಡ ಅಂತ ನಾನು ಹೇಳ್ತಿಲ್ಲ. ನಿನಗೆ ಆ ಕೆಲಸ ಒಗ್ಗುತ್ತೆ. ದಸರಾ ರಜೆಗೆ ಬಂದಾಗ ಅಪ್ಪನ ಅಡಿಕೆ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದೆಯಲ್ಲ, ನೆನಪಿದೆಯಾ? ಚೀಲಗಳ ತೂಕ, ಕ್ವಿಂಟಾಲ್ ರೇಟು ಎಲ್ಲ ಸರಿ ಇತ್ತು, ಆದರೂ ಮೊತ್ತ ಮಂಡಿಯ ಚೀಟಿಗೆ ತಾಳೆ ಆಗುತ್ತಿರಲಿಲ್ಲ. ಒಂದೊಂದೇ ಚೀಲ ಹಾಕಿ ನೋಡುತ್ತಾ ಹೋದೆ. ತೂಕದಲ್ಲಿ ಪಾಯಿಂಟ್ ಆದ ಮೇಲಿನ ಅಂಕಿ ಬಿಟ್ಟುಹೋಗುತ್ತಿದೆ ಅಂತ ಕಂಡುಹಿಡಿಯುವವರೆಗೂ ಜಾಗ ಬಿಟ್ಟು ಏಳಲಿಲ್ಲ. ಪಿಯು ಮಕ್ಕಳಿಗೆ ಗಣಿತ ಹೇಳುವವಳು ನಾನು. ಉತ್ತರ ಬಂದರೆ ಸಾಕು ಅನ್ನುವವರೇ ಜಾಸ್ತಿ. ತಪ್ಪು ಎಲ್ಲಿದೆ ಅಂತ ಹುಡುಕುತ್ತಾ ಕೂರುವವರು ಕಡಿಮೆ.

ನೌಕರಿ ಸಿಗುವುದು ಆ ಗುಣಕ್ಕೆ. ಬ್ರಾಂಚಿನ ಈ ವರ್ಷದ ಸಂಬಳದ ಪ್ಯಾಕೇಜ್ ನೋಡಿ ಸೀಟು ತಗೊಳ್ಳೋದು, ಈ ವರ್ಷದ ರೇಟು ನೋಡಿ ಅಡಿಕೆ ಸಸಿ ನೆಟ್ಟ ಹಾಗೆ. ಫಸಲು ಬರೋಕೆ ಐದಾರು ವರ್ಷ ಬೇಕು. 2022ರಲ್ಲಿ ಸೇರಿದ ಮಕ್ಕಳನ್ನೇ ನೋಡು. ಅವರು ಕಾಲೇಜು ಮೆಟ್ಟಿಲು ಹತ್ತಿದ ವರ್ಷವೇ, ನವೆಂಬರ್‌ನಲ್ಲಿ, ಚಾಟ್‌ಜಿಪಿಟಿ ಬಂತು. ಸಣ್ಣಪುಟ್ಟ ಕೋಡ್ ಈಗ ಅದೇ ಬರೆದುಕೊಡುತ್ತೆ. ಅದು ಬರೆದದ್ದು ಸರಿಯೋ ತಪ್ಪೋ ನೋಡೋಕೆ ಗಣಿತ ಗೊತ್ತಿರಬೇಕು, ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ಬಗೆ), ಆಪರೇಟಿಂಗ್ ಸಿಸ್ಟಮ್ ಗೊತ್ತಿರಬೇಕು. ಬ್ರಾಂಚಿಗೆ ಎಐ, ಡೇಟಾ ಸೈನ್ಸ್ ಅಂತ ಹಾಕಿರೋ ಬೋರ್ಡ್ ನೋಡಿ ಮರುಳಾಗಬೇಡ. ಸಿಲಬಸ್ ಡೌನ್‌ಲೋಡ್ ಮಾಡಿ ಕಂಪ್ಯೂಟರ್ ಸೈನ್ಸ್‌ನ ಸಿಲಬಸ್ ಪಕ್ಕ ಇಟ್ಟು ನೋಡು. ಬುನಾದಿಯ ವಿಷಯಗಳು ಬಹುಪಾಲು ಅವೇ.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ಕೊಡೋದು. ನಿಜವಾಗಿ ಯಾವುದು ಬೇಕೋ ಅದನ್ನು ಮೇಲೆ ಹಾಕು. ಮೇಲಿನದು ಸಿಗದಿದ್ದರೆ ಕೆಳಗಿನದನ್ನು ನೋಡುತ್ತಾರೆ, ಅದರಿಂದ ನಷ್ಟ ಇಲ್ಲ. ಸಿಕ್ಕರೂ ಸೇರಲಾಗದ ಕಾಲೇಜನ್ನು ಮಾತ್ರ ಪಟ್ಟಿಗೇ ತರಬೇಡ. ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿ, ಬಿಐಇಟಿ ಎರಡರಲ್ಲೂ ಕಂಪ್ಯೂಟರ್ ಸೈನ್ಸ್ ಹಾಕು, ಅದರ ಕೆಳಗೆ ಎಲೆಕ್ಟ್ರಾನಿಕ್ಸ್ ಹಾಕು. ಯುಬಿಡಿಟಿ 1951ರಿಂದ ನಡೆಯುತ್ತಿರುವ ಕಾಲೇಜು, ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ (ವಿಟಿಯು). ನಮ್ಮ ಮನೆಯಲ್ಲೇ ಇದ್ದು ಹೋಗಿಬಾ, ಹಾಸ್ಟೆಲ್ ಖರ್ಚೂ ಉಳಿಯುತ್ತೆ. ಮಾಕ್ ಅಲಾಟ್‌ಮೆಂಟ್ ನೋಡಿ ಗಾಬರಿ ಬೀಳಬೇಡ. ಅದು ನಿಜವಾದ ಸೀಟು ಹಂಚಿಕೆಗೆ ಮುಂಚಿನ ಬರೀ ಅಂದಾಜು, ಆಮೇಲೂ ಪಟ್ಟಿ ಬದಲಾಯಿಸಬಹುದು.

ಎಲೆಕ್ಟ್ರಾನಿಕ್ಸ್ ಅಂದರೆ ಮೂಗು ಮುರಿಯಬೇಡ. 2023ರ ಏಪ್ರಿಲ್ 2ರಂದು ನಿಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ಕಡೆಯ ರನ್‌ವೇ ಮೇಲೆ, ಇಸ್ರೋ ಮತ್ತೆ ಮತ್ತೆ ಬಳಸೋಕೆ ಅಂತ ಪರೀಕ್ಷಿಸುತ್ತಿದ್ದ ರೆಕ್ಕೆಯ ಉಡಾವಣಾ ವಾಹನ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಒಳಗೆ ಪೈಲಟ್ ಇಲ್ಲ. ತಾನೇ ದಾರಿ ಲೆಕ್ಕ ಹಾಕಿಕೊಂಡು ಇಳಿಯಿತು. ಅಂಥ ಕೆಲಸದಲ್ಲಿ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್, ಪ್ರೋಗ್ರಾಮಿಂಗ್ ಎಲ್ಲ ಕೂಡಿಯೇ ಬರುತ್ತೆ.

ಇದ್ಯಾವುದೂ ಸಿಗಲಿಲ್ಲ ಅನ್ನು. ಆಗಲೂ ತೋಟದ ಮಾತು ಬೇಡ, ಗಣಿತ ಇರುವ ಬಿಎಸ್ಸಿಗೆ ಸೇರು. ಮೂರು ವರ್ಷ ಅದು, ಆಮೇಲೆ ಎರಡು ವರ್ಷ ಎಂಸಿಎ, ಅಂದರೆ ಕಂಪ್ಯೂಟರ್‌ನ ಸ್ನಾತಕೋತ್ತರ ಪದವಿ. ಇಲ್ಲವೇ ಎಂಎಸ್ಸಿ ಪ್ರವೇಶಕ್ಕಿರುವ ಜ್ಯಾಮ್ ಪರೀಕ್ಷೆ ಬರೆದು ಐಐಟಿಯಲ್ಲೇ ಎಂಎಸ್ಸಿ ಮಾಡಬಹುದು. ಬಿಎಸ್ಸಿ ಮಾಡಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಜೊತೆಗೇ ಎಂಟೆಕ್ ಓದಿಸುವ ಯೋಜನೆ ವಿಪ್ರೋದಲ್ಲಿದೆ. ನಿನ್ನಿಂದ ಮುಚ್ಚಿಡಲ್ಲ, ಕೆಲವು ಕಂಪನಿಗಳು ಬಿಇ ಆದವರನ್ನೇ ಕೇಳುತ್ತವೆ, ಬರೀ ಬಿಎಸ್ಸಿಗೆ ಮೊದಲ ಸಂಬಳವೂ ಸಾಮಾನ್ಯವಾಗಿ ಕಡಿಮೆ. ಒಂದು ವರ್ಷ ಜಾಸ್ತಿ ಓದಬೇಕಾಗುತ್ತೆ. ಆದರೆ ಸಾಲದ ಹೊರೆ ಇರಲ್ಲ. ಅಪ್ಪ ತೋಟ ಮಾರಿದ್ದಾರೆ ಅಂತ ಹೆದರಿ ಸಿಕ್ಕಿದ ಕೆಲಸಕ್ಕೆ ತಲೆ ಕೊಡಬೇಕಾಗಿಲ್ಲ. ಕಾದು ಒಳ್ಳೆಯದನ್ನೇ ಹಿಡಿಯಬಹುದು.

ಈ ಕಾಗದ ಅಪ್ಪನಿಗೂ ಓದಿ ಹೇಳು. ತೋಟಕ್ಕೆ ಯಾರ ಹತ್ತಿರವೂ ಮುಂಗಡ ತಗೊಳ್ಳೋದು ಬೇಡ ಅಂತ ನಾನು ಹೇಳಿದೆ ಅನ್ನು. ಭಾನುವಾರ ಇಬ್ಬರೂ ಬನ್ನಿ, ಕೂತು ಪಟ್ಟಿ ಮಾಡೋಣ. ಗ್ರಾಮೀಣ ಕೋಟಾದ ಸರ್ಟಿಫಿಕೇಟು, ಜಾತಿ-ಆದಾಯ ಪತ್ರ ಮರೆಯದೆ ತಗೊಂಡು ಬಾ. ಮೊದಲು ಊಟ ಮಾಡು.

ನಿನ್ನ ಅತ್ತೆ